ಉಳ್ಳಾಗಡ್ಡಿ ಬಿಟ್ಟ ಎಂಟು ತಿಂಗಳು

ಇದನ್ನು ಹೇಳುವುದನ್ನು ನಾನು ಬಹಳ ದಿನ ಮುಂದಕ್ಕೆ ಹಾಕಿದೆ. ಮೊದಲು, ಅಕ್ಕ ತೀರಿ ಇನ್ನೂ ವರ್ಷ ತುಂಬಿಲ್ಲ ಎಂದುಕೊಂಡೆ. ವರ್ಷದ ಕಾರ್ಯ ಮುಗಿದ ಮೇಲೆ, ಅಕ್ಕನ ಮಗನ ನೌಕರಿಗೆ ಬಂದ ಕುತ್ತು ಇನ್ನೂ ಕಳೆದಿಲ್ಲ, ಈಗ ಬಾಯಿಬಿಟ್ಟರೆ ಅವನಿಗೇ ತೊಂದರೆ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡೆ. ಕೆಲವು ದಿನ ಓದುವುದು ಬರೆಯುವುದು ಬೇಡ ಎಂದರು, ಅದನ್ನೇ ಹಿಡಿದುಕೊಂಡು ಕುಳಿತೆ. ಈಗ ಸೂಜಿಗೆ ದಾರ ಪೋಣಿಸುವಷ್ಟು ಕಾಣುತ್ತದೆ. ಇನ್ನು ಯಾವ ನೆಪವೂ ಉಳಿದಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಯಲಬುರ್ಗಾದಲ್ಲಿ ಒಬ್ಬ ಹೋಮಿಯೋಪಥಿ ಡಾಕ್ಟರರ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದೆ. ಕೋಣೆ ಒಂದು, ಬೆಂಚು ಒಂದು, ಗೋಡೆಯುದ್ದಕ್ಕೂ ಬಾಟಲಿಗಳ ಕಪಾಟು. ಡಾಕ್ಟರರು ಹೇಳಿದ ಬಾಟಲಿಯಿಂದ ನಾಲ್ಕು ಹನಿಯನ್ನು ಸಕ್ಕರೆ ಗುಳಿಗೆಯ ಮೇಲೆ ಬಿಟ್ಟು, ಅಲುಗಾಡಿಸಿ, ಪೊಟ್ಟಣ ಕಟ್ಟಿ, ಹೇಗೆ ತಿನ್ನಬೇಕು ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಅವರು ಕಾಲೇಜಿನಲ್ಲಿ ಓದಿ ಪದವಿ ಪಡೆದವರು. ರಾಜ್ಯದ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಸರ್ಟಿಫಿಕೇಟು ಅವರ ಕುರ್ಚಿಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಅದರ ನಂಬರನ್ನೇ ರಬ್ಬರ್ ಸಿಕ್ಕಾದಲ್ಲಿ ಕೆತ್ತಿಸಿದ್ದರು.

ರೋಗಿಗಳ ದೊಡ್ಡ ನೋಟುಪುಸ್ತಕದ ಕೊನೆಯ ಪುಟದಲ್ಲಿ ಡಾಕ್ಟರರು ಕೆಂಪು ಶಾಯಿಯಲ್ಲಿ ‘ಕಳಿಸು’ ಎಂದು ಬರೆದು ಕೆಳಗೆ ಐದು ಸಾಲು ಬರೆದಿದ್ದರು. ಎದೆಯಲ್ಲಿ ಗಂಟು. ಮುಟ್ಟು ನಿಂತ ಮೇಲೆ ರಕ್ತ. ಕಾರಣವಿಲ್ಲದೆ ಇಳಿಯುವ ತೂಕ. ಬಿಡದ ಜ್ವರ. ಕೂಸಿಗೆ ಉಸಿರಿನ ತೊಂದರೆ. ಇವುಗಳಲ್ಲಿ ಯಾವುದಿದ್ದರೂ ಅವರು ಒಂದು ಗುಳಿಗೆಯನ್ನೂ ಕೊಡುತ್ತಿರಲಿಲ್ಲ. ಚೀಟಿ ಬರೆದು, ಸಿಕ್ಕಾ ಒತ್ತಿ, ಕೊಪ್ಪಳಕ್ಕೋ ಹುಬ್ಬಳ್ಳಿಗೋ ಹೋಗಿ ಎನ್ನುತ್ತಿದ್ದರು. ಒಮ್ಮೆ ಬೇವೂರಿನ ಮುದುಕನೊಬ್ಬ, ಅಲ್ಲಿಗೆ ಹೋಗುವತನಕವಾದರೂ ಗುಳಿಗೆ ಕೊಡಿ ಎಂದು ಕಾಲು ಹಿಡಿದ. ಅವನು ಹೋದ ಮೇಲೆ ನಾನು, ನಾಲ್ಕು ಗುಳಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

"ಕೈಯಾಗ ಪೊಟ್ಟಣ ಇದ್ರ ಬಸ್ ಹತ್ತೂದಿಲ್ಲೋ ಇವ್ರು" ಎಂದರು. "ಔಷಧ ಸಿಕ್ತಲ್ಲ ಅಂತ ಮನಿಗೆ ಹೊಕ್ಕಾರ. ಬರೇ ಕೈಲೆ ಕಳಿಸಿದ್ರ ಅಂಜಿ ಹತ್ತತಾರ."

ಈ ಮಾತನ್ನು ನಾನು ಮರೆತಿರಲಿಲ್ಲ. ಮುಂದೆ ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಕೊರೊನಾದ ಎರಡನೆಯ ವರ್ಷ ಡಾಕ್ಟರರು ತೀರಿಕೊಂಡರು. ಅವರ ಹೆಂಡತಿ ಮಗಳ ಊರಿಗೆ ಹೋಗುವ ಮುಂಚೆ ಬೀಗದ ಕೈ ನನ್ನ ಕೈಯಲ್ಲಿಟ್ಟು, "ನಾಲ್ಕು ದಿನ ತಗದು, ಸಾಮಾನು ವಿಲೇವಾರಿ ಮಾಡಿ ಮುಚ್ಚಿಬಿಡಪಾ" ಎಂದರು. ನಾನು ಮುಚ್ಚಲಿಲ್ಲ. ಆಗ ಹೋಮಿಯೋಪಥಿ ಗುಳಿಗೆಗೆ ಎಲ್ಲ ಕಡೆ ಬೇಡಿಕೆ ಇತ್ತು, ಜನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಊರಿನವರಿಗೆ ಡಾಕ್ಟರರು ಇಲ್ಲವೆಂದು ಗೊತ್ತಿತ್ತು, ಆದರೆ ಯಾರೂ ಕೇಳಲಿಲ್ಲ. ಹಳ್ಳಿಗಳಿಂದ ಬಂದವರು ಕೇಳುತ್ತಿದ್ದರು. "ಡಾಕ್ಟ್ರು ಊರಿಗೆ ಹೋಗ್ಯಾರ, ಫೋನಿನ್ಯಾಗ ಕೇಳಿ ಕೊಡ್ತೀನಿ ತಡೀರಿ" ಎಂದು ಹೇಳಿ ನಾನು ಒಳಗೆ ಹೋಗಿ ಫೋನನ್ನು ಕಿವಿಗೆ ಹಿಡಿದು, "ಹೂಂ ಸರ್, ಆತ್ರಿ ಸರ್" ಎನ್ನುತ್ತಿದ್ದೆ. ಆ ಕಡೆ ಯಾರೂ ಇರುತ್ತಿರಲಿಲ್ಲ. ಡಾಕ್ಟರರ ಚೀಟಿಯಲ್ಲಿ ಬರೆದು, ಅವರ ಸಿಕ್ಕಾ ಒತ್ತಿ, ಗಂಗಾವತಿಯಿಂದ ಔಷಧ ತರಿಸುತ್ತಿದ್ದೆ. ಗೋಡೆಯ ಮೇಲಿನ ಸರ್ಟಿಫಿಕೇಟಿನ ಗಾಜನ್ನು ದಿನಾ ಒರೆಸುತ್ತಿದ್ದೆ. ನೋಂದಣಿ ಇಲ್ಲದವನು ಔಷಧ ಕೊಡುವುದು ಅಪರಾಧ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಅಕ್ಕ ಗಿಣಿಗೇರಾದಲ್ಲಿ ಮಗನ ಜೊತೆ ಇದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಮಗ, ಅಂದರೆ ನನ್ನ ಅಳಿಯ, ಅಲ್ಲಿನ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಆಗಷ್ಟೇ ಕಾಯಂ ಆಗಿದ್ದ. ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ದೂಳು ಕೂರುತ್ತದೆಂದು ಅಕ್ಕ ದಿನಕ್ಕೆ ಎರಡು ಸಲ ಬಟ್ಟೆ ಝಾಡಿಸುತ್ತಿದ್ದಳು. ದವಾಖಾನೆಯನ್ನು ನಾನೇ ನಡೆಸತೊಡಗಿದ ಮೇಲೆ ಅವಳು ನನ್ನ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು.

ಸಂಕ್ರಾಂತಿ ಕಳೆದು ಒಂದು ಭಾನುವಾರ ಹೋದಾಗ ರೊಟ್ಟಿ ಬಡಿಯುತ್ತಿದ್ದಳು.

"ಡಾಕ್ಟ್ರು ಬಂದ್ರು. ಕುರ್ಚಿ ಹಾಕ್ಲೇನ್ರಿ, ಚಾಪಿ ಸಾಕೇನ್ರಿ?"

"ಚಾಪಿ ಸಾಕು, ರೊಟ್ಟಿ ಕೊಡು."

ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಪಕ್ಕದಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ತನಗೊಂದು ಹೋಳು ಉಳಿಸಿಕೊಂಡು ಉಳಿದದ್ದನ್ನು ನನಗೆ ಹಾಕಿದಳು. ಊಟ ಮುಗಿದ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು:

"ಎದಿಯಾಗ ಒಂದು ಗಂಟು ಆಗೈತೋ. ಎಡಕ್ಕ. ನೂವು ಏನಿಲ್ಲ. ಮೊದ್ಲು ಹುಣಸಿ ಬೀಜದಷ್ಟು ಇತ್ತು, ಈಗ ಬಾರಿಹಣ್ಣಿನಷ್ಟು ಆಗೈತಿ."

"ಎಷ್ಟು ದಿನಾತು?"

"ದೀಪಾವಳಿ ಎಣ್ಣಿ ನೀರಾಗ ಕೈಗೆ ಹತ್ತಿತ್ತು. ಮಗಗ ಹೆಂಗ ಹೇಳ್ಲಿ, ನಾಚಿಕಿ."

"ಯಾರಿಗೆರೆ ತೋರ್ಸಿಯೇನು?"

"ನಮ್ಮ ಮನ್ಯಾಗ ಡಾಕ್ಟ್ರು ಇರಾಗ ಮಂದಿಗೆ ಯಾಕ ತೋರಿಸ್ಲಿ?"

ಕೆಂಪು ಶಾಯಿಯ ಪುಟದ ಮೊದಲನೆಯ ಸಾಲು ನನ್ನ ಕಣ್ಣಮುಂದೆ ಬಂತು.

ಆ ವಾರ ಕುಷ್ಟಗಿಯಲ್ಲಿ ಅಧಿಕಾರಿಗಳು ನೋಂದಣಿ ಇಲ್ಲದ ದವಾಖಾನೆಗಳಿಗೆ ಬೀಗ ಹಾಕಿದ ಸುದ್ದಿ ಇತ್ತು. ನಾನು ಲೆಕ್ಕ ಹಾಕಿದ್ದು ಹೀಗೆ: ಅಕ್ಕನನ್ನು ಕಳಿಸಬೇಕಾದರೆ ಚೀಟಿ ಬೇಕು. ಚೀಟಿಗೆ ಸಿಕ್ಕಾ ಬೇಕು. ಸತ್ತವರ ನಂಬರಿನ ಚೀಟಿ ದೊಡ್ಡ ಆಸ್ಪತ್ರೆಯವರ ಕೈಗೆ ಸಿಕ್ಕರೆ ನನ್ನ ಬಾಗಿಲಿಗೂ ಬೀಗ. ಹಾಗಾದರೆ ಚೀಟಿ ಇಲ್ಲದೆಯೇ ಅವಳ ಕೈ ಹಿಡಿದು ಬಸ್ಸು ಹತ್ತಿಸಬಹುದಿತ್ತಲ್ಲ? ಅದು ನನಗೆ ಹೊಳೆಯಲೇ ಇಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅಂದೇ, ಆ ಚಾಪೆಯ ಮೇಲೆ ಕುಳಿತಾಗಲೇ ಹೊಳೆದಿತ್ತು. ಆದರೆ ಬಸ್ಸು ಹತ್ತಿಸಿದರೆ ನಾನು ಡಾಕ್ಟರಲ್ಲ ಎಂದು ಅವಳೆದುರು ಒಪ್ಪಿಕೊಂಡಂತೆ ಆಗುತ್ತಿತ್ತು. ಹುಟ್ಟಿದಾಗಿನಿಂದ ಯಾರೂ ಕೊಡದ ಮರ್ಯಾದೆಯನ್ನು ನಗುತ್ತ ನಗುತ್ತ ಅವಳೊಬ್ಬಳು ಕೊಟ್ಟಿದ್ದಳು.

"ಕರಗ್ತೈತಿ ಬಿಡು" ಎಂದೆ. "ಕೋನಿಯಂ ಅಂತ ಔಷಧ ಐತಿ, ಇಂಥಾದಕ್ಕ ಇರೂದು ಅದು. ಆದ್ರ ಪಥ್ಯ ಬಿಗಿ ಮಾಡ್ಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಹಾ ಬಂದ್."

"ಚಹಾ ಬಿಟ್ಟೇನು. ಉಳ್ಳಾಗಡ್ಡಿ ಇಲ್ದ ರೊಟ್ಟಿ ಹೆಂಗ ಇಳೀತೈತೋ ಗಂಟಲ್ದಾಗ?"

"ಆರಾಮ ಆಗೂತನಕ ಅಷ್ಟ."

"ಹಂಗಾರ ಲಗೂ ಆರಾಮ ಮಾಡ್ರಿ ಡಾಕ್ಟ್ರ, ಉಪವಾಸ ಕೆಡವಬ್ಯಾಡ್ರಿ."

ಮರುದಿನ ನಾನೇ ಪೊಟ್ಟಣ ಕಟ್ಟಿ ಬಸ್ಸಿನವರ ಕೈಯಲ್ಲಿ ಕಳಿಸಿದೆ. ಪೊಟ್ಟಣ ಬಸ್ಸು ಹತ್ತಿತು. ಅಕ್ಕ ಹತ್ತಲಿಲ್ಲ.

ಅವಳು ಪಥ್ಯವನ್ನು ವ್ರತದಂತೆ ಹಿಡಿದಳು. ಒಬ್ಬರ ಮನೆಯಲ್ಲೂ ಒಗ್ಗರಣೆ ಹಾಕಿದ ಅನ್ನ ಮುಟ್ಟಲಿಲ್ಲ. ಮದುವೆಗೆ ಹೋದರೆ ಮೊಸರು ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು. "ಗಂಟು ಹಂಗ ಐತಿ, ದೊಡ್ಡದೇನೂ ಆಗಿಲ್ಲ" ಎಂದು ಫೋನಿನಲ್ಲಿ ಹೇಳುವಳು. ಆಗಿತ್ತು. ನನಗೆ ಬೇಸರವಾದೀತು ಎಂದು ಮುಚ್ಚಿಟ್ಟಿದ್ದಳು.

ಬೇಸಿಗೆಯಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು: ಇನ್ನು ಮುಂದೆ ಹೋಮಿಯೋಪಥಿ, ಆಯುರ್ವೇದ ಚಿಕಿತ್ಸೆಗೂ ಆರೋಗ್ಯ ವಿಮೆ ಬೇರೆ ಚಿಕಿತ್ಸೆಯಂತೆಯೇ ಸಿಗಬೇಕು. ನಾನು ಅದನ್ನು ಕತ್ತರಿಸಿ ಸರ್ಟಿಫಿಕೇಟಿನ ಪಕ್ಕ ಅಂಟಿಸಿದೆ. ಸರಕಾರವೇ ನನ್ನ ಬೆನ್ನು ತಟ್ಟಿದಂತೆ ಅನ್ನಿಸಿತ್ತು. ಕೆಳಗಿನ ಸಾಲುಗಳನ್ನು ಸರಿಯಾಗಿ ಓದಲಿಲ್ಲ. ನೋಂದಣಿಯಾದ ಆಸ್ಪತ್ರೆ ಇರಬೇಕು, ಅರ್ಹ ವೈದ್ಯರು ಇರಬೇಕು, ರೋಗಿ ದಾಖಲಾಗಿರಬೇಕು ಎಂದು ಅಲ್ಲಿಯೇ ಇತ್ತು.

ಅಳಿಯನ ಕಾರ್ಖಾನೆಯಲ್ಲಿ ಕಾಯಂ ನೌಕರರಿಗೆ, ಅವರ ತಂದೆತಾಯಿಯನ್ನೂ ಸೇರಿಸಿ ವಿಮೆ ಮಾಡಿಸಿದ್ದರು. ಅವನ ಸಂಬಳ ನೋಡಿ ಮನೆಯ ಬಿಪಿಎಲ್ ಕಾರ್ಡು ರದ್ದಾಗಿತ್ತು. ಹಾಗಾಗಿ ಅಕ್ಕನಿಗೆ ದೊಡ್ಡ ಕಾಯಿಲೆ ಬಂದರೆ ಇದ್ದ ಆಧಾರ ಆ ವಿಮೆ ಒಂದೇ. ಅದನ್ನೇ ನಾನು ಕೆಡಿಸಿದೆ.

ಸುದ್ದಿಯನ್ನು ಅವನಿಗೆ ತೋರಿಸಿದವನು ನಾನೇ. ಅವನು ಕಂಪನಿಯಲ್ಲಿ ವಿಚಾರಿಸಿ ಬಂದ.

"ಬರೇ ಗುಳಿಗಿಗೆ ಕೊಡೂದಿಲ್ಲಂತ ಮಾವಾ. ಅಡ್ಮಿಟ್ ಆಗಿದ್ರ ಕೊಡ್ತಾರಂತ."

"ಅಡ್ಮಿಟ್ ಅಂತ ಬರದ್ರಾತು. ಯುಗಾದಿಗೆ ಅಕ್ಕ ಮೂರು ದಿನ ನಮ್ಮ ಮನ್ಯಾಗ ಇದ್ಲಲ್ಲ, ಗುಳಿಗಿ ತಿಂದಾಳಲ್ಲ."

"ಮನಿ ಬ್ಯಾರೆ, ಆಸ್ಪತ್ರಿ ಬ್ಯಾರೆ ಅಲ್ಲೇನು? ನಡೀತೈತಾ ಇದು?"

"ಪೇಪರಿನ್ಯಾಗ ಬಂದೈತಿ ನೋಡಲೇ. ನಿಮ್ಮವ್ವನ ಪಥ್ಯಕ್ಕ ಹಾಲು ಹಣ್ಣಿಗೆರೆ ಆಗ್ತೈತಿ."

ಸೋದರಮಾವ ಎಂಬ ಮರ್ಯಾದೆ ಅವನ ಬಾಯಿ ಮುಚ್ಚಿಸಿತು. ನಾನು ಡಾಕ್ಟರರ ಕಾಗದದ ಮೇಲೆ, ಎದೆಯ ಗಂಟಿಗೆ ಮೂರು ದಿನ ಒಳರೋಗಿಯಾಗಿ ಚಿಕಿತ್ಸೆ ಎಂದು ಬರೆದು, ಅವರ ಸಹಿಯನ್ನು ಅವರಂತೆಯೇ ಮಾಡಿ, ಸಿಕ್ಕಾ ಒತ್ತಿ ಕೊಟ್ಟೆ. ಮೂವತ್ತು ವರ್ಷ ನೋಡಿದ ಸಹಿ, ಮೊದಲ ಸಲಕ್ಕೇ ಕೂಡಿಬಂತು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ವಿಮಾ ಕಂಪನಿಯ ತನಿಖೆಯವನು ಬಂದ. ಹೆಗಲಿಗೊಂದು ಚೀಲ, ಒಳ್ಳೆಯ ಮಾತಿನ ಮನುಷ್ಯ. ಬೆಂಚಿನ ಮೇಲೆ ಹಳ್ಳಿಯವನೊಬ್ಬ ಪೊಟ್ಟಣಕ್ಕೆ ಕಾಯುತ್ತಿದ್ದ.

"ಡಾಕ್ಟ್ರು ಅದಾರೇನ್ರಿ?"

"ಊರಿಗೆ ಹೋಗ್ಯಾರ್ರಿ."

"ಯಾವಾಗ ಬರ್ತಾರ್ರಿ?"

"ಹೇಳಾಕ ಬರೂದಿಲ್ರಿ."

"ಆತು. ಪೇಶಂಟ್ ಮಲಗೂ ಮಂಚ ಎಲ್ಲಿ ಅದಾವ್ರಿ, ಒಂದೀಟು ತೋರಿಸ್ರಿ."

ನಾನು ಬೆಂಚು ನೋಡಿದೆ. ಅವನೂ ನೋಡಿದ. ಹಳ್ಳಿಯವನು ತನ್ನನ್ನೇ ಕೇಳಿದರೆಂದು ತಿಳಿದು, "ಇದರ ಮ್ಯಾಲೆ ಮಲಗೂದು ಎಲ್ಲಿಂದು ಸಾಹೇಬ್ರ, ಅರ್ಧಾ ತಾಸು ಕುಂತ್ರ ನಡಾ ಹಿಡೀತೈತಿ" ಎಂದು ನಕ್ಕ.

ತನಿಖೆಯವನು ನಗಲಿಲ್ಲ. ಮೊಬೈಲು ತೆಗೆದು, ಗೋಡೆಯ ಮೇಲಿನ ನಂಬರಿಗೂ ಅದಕ್ಕೂ ತಾಳೆ ನೋಡಿ, ಮೆಲ್ಲಗೆ ಹೇಳಿದ: "ಇವ್ರು ತೀರಿಕೊಂಡು ಮೂರು ವರ್ಷಾತಲ್ರಿ ಯಜಮಾನ್ರ. ಯುಗಾದಿಗೆ ಬಂದು ಸಹಿ ಮಾಡಿ ಹೋದ್ರೇನು?"

ಬರೆದವರು ಯಾರು ಎಂದು ಕೇಳಿದ. ನಾನು ಹಳ್ಳಿಯವನ ಪೊಟ್ಟಣ ಕಟ್ಟತೊಡಗಿದೆ. ಕೊಪ್ಪಳದ ಆರೋಗ್ಯ ಇಲಾಖೆಯ ಕಚೇರಿಗೂ ತಿಳಿಸಬೇಕಾಗುತ್ತದೆ ಎಂದು ಹೇಳಿ, ಅಲ್ಲಿಂದ ನೇರ ಗಿಣಿಗೇರಾಕ್ಕೆ ಹೋದ. ನಾನು ಅಕ್ಕನಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಕಲಿಸಿಕೊಡಲಿಲ್ಲ, ಅಷ್ಟು ಮಾತ್ರ ನಿಜ. "ಯಕ್ಕಾ, ನನ್ನ ಜೇಲಿಗೆ ಹಾಕ್ತಾರ" ಎಂದೆ. ಅಷ್ಟೇ ಸಾಕಾಯಿತು.

ಅವಳು ತನಿಖೆಯವನಿಗೆ ಹೇಳಿದ್ದನ್ನು ಅಳಿಯ ಆಮೇಲೆ ನನಗೆ ತಿಳಿಸಿದ. "ಕಾಗದ ನಾನ ತಂದೀನ್ರಿ. ಹಳೇ ಕಾಗದಾ ಕದ್ದು ತಂದು ಯಾರ ಕೈಲೋ ಬರಸೀನಿ. ನನ್ನ ತಮ್ಮಗ ಇದ್ರಾಗಿಂದು ಏನೂ ಗೊತ್ತಿಲ್ಲ" ಎಂದಳಂತೆ. ತನಿಖೆಯವನು ಬರೆದುಕೊಂಡ ಹೇಳಿಕೆಯ ಕೆಳಗೆ, ಓದಲು ಬಾರದ ನನ್ನ ಅಕ್ಕ ಹೆಬ್ಬೆಟ್ಟು ಒತ್ತಿದಳು. ಅವನು ನಂಬಿದನೋ ಇಲ್ಲವೋ, ಕಾಗದದಲ್ಲಿ ಅಷ್ಟೇ ಉಳಿಯಿತು.

ಸುಳ್ಳು ದಾಖಲೆ ಕೊಟ್ಟಿದ್ದಕ್ಕೆ ಕ್ಲೇಮು ತಿರಸ್ಕಾರವಾಗಿದೆ, ತಾಯಿಯ ಹೆಸರನ್ನು ವಿಮೆಯಿಂದ ತೆಗೆಯಲಾಗಿದೆ ಎಂದು ಪತ್ರ ಬಂತು. ಅಳಿಯನಿಗೆ ಕಾರ್ಖಾನೆ ನೋಟಿಸು ಕೊಟ್ಟಿತು. ಆ ಪತ್ರ ಬಂದ ವಾರವೇ ಗಂಟಿನ ಮೇಲಿನ ಚರ್ಮ ಒಡೆಯಿತು. ಎಂಟು ತಿಂಗಳು ಉಳ್ಳಾಗಡ್ಡಿ ಮುಟ್ಟದವಳನ್ನು ಅಳಿಯ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ನಾನೂ ಹೋದೆ. ಅಲ್ಲಿಯ ಡಾಕ್ಟರಮ್ಮ ಅಕ್ಕನನ್ನು ಪರೀಕ್ಷಿಸಿ ಹೊರಗೆ ಬಂದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಅಳಿಯ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಬೋರ್ಡು ಓದುತ್ತ ನಿಂತೆ. ಒಳಗಿನಿಂದ ಅಕ್ಕ, "ನಾನ ಯಾರಿಗೂ ಹೇಳಿದ್ದಿಲ್ರಿ ಅವ್ವಾರ, ನಂದ ತಪ್ಪು" ಎಂದಳು.

ಮೊದಲೇ ಬಂದಿದ್ದರೆ ಗಂಟನ್ನಷ್ಟೇ ತೆಗೆಯಬಹುದಿತ್ತು ಎಂದರು. ಈಗ ಅದು ಎಲುಬಿಗೆ ಹೋಗಿತ್ತು. ವಿಮೆ ಇದ್ದಿದ್ದರೆ ಅಲ್ಲಿಯೇ ಇದ್ದು ಪೂರ್ತಿ ಚಿಕಿತ್ಸೆ ತೆಗೆದುಕೊಳ್ಳಬಹುದಿತ್ತು. ಅಳಿಯ ತನ್ನ ಕೈಲಾದಷ್ಟು ಮಾಡಿದ. ಕೈ ಬರಿದಾದ ಮೇಲೆ ಅಕ್ಕನೇ, ಸಾಕು, ಮನೆಗೆ ಹೋಗೋಣ ಎಂದಳು.

ದವಾಖಾನೆಗೆ ಅಧಿಕಾರಿಗಳು ಬಂದರು. ಬಾಟಲಿಗಳನ್ನು, ಸಿಕ್ಕಾವನ್ನು, ನೋಟುಪುಸ್ತಕವನ್ನು ಪಟ್ಟಿ ಮಾಡಿ ತೆಗೆದುಕೊಂಡರು. ಪಟ್ಟಿ ಬರೆಯುವಾತ ಕೊನೆಯ ಪುಟ ತಿರುವಿ ಕೆಂಪು ಶಾಯಿಯ ಸಾಲುಗಳನ್ನು ಗಟ್ಟಿಯಾಗಿ ಓದಿ, "ಛಲೋ ಬರದಾರಲ್ರಿ ಡಾಕ್ಟ್ರು" ಎಂದ. ಇನ್ನು ಮುಂದೆ ಯಾರಿಗೂ ಔಷಧ ಕೊಡುವುದಿಲ್ಲ ಎಂದು ನಾನು ಮುಚ್ಚಳಿಕೆ ಬರೆದುಕೊಟ್ಟೆ. ವಯಸ್ಸು ನೋಡಿ ಅಷ್ಟಕ್ಕೇ ಬಿಟ್ಟರು. ಬೈಯಲೂ ಇಲ್ಲ. ಶಿಕ್ಷೆ ಅನುಭವಿಸಿದ್ದರೆ ಇಂದು ಇದನ್ನು ಬರೆಯುವ ಅಗತ್ಯ ಇರುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಕೊನೆಯ ದಿನಗಳಲ್ಲಿ ನಾನು ಗಿಣಿಗೇರಾದಲ್ಲೇ ಇದ್ದೆ. ಅಳಿಯ ಕೆಲಸಕ್ಕೆ ಹೋದಾಗ ಅವಳಿಗೆ ನೀರು ಕುಡಿಸುವುದು, ಹೊರಳಿಸುವುದು ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಎಚ್ಚರವಾಗಿ, ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು.

"ಒಂದು ಕೇಳ್ತೀನಿ, ಖರೇ ಹೇಳು" ಎಂದಳು. "ನಾ ಹೇಳಿದ ದಿನಾನ ನಿಂಗ ಗೊತ್ತಿತ್ತೇನೋ, ಇದು ಇಂಥಾದು ಅಂತ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಎಂದಿದ್ದರೆ ಅವಳು ಏನೂ ಅನ್ನುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು.

"ಇಲ್ಲಬೇ ಯಕ್ಕಾ" ಎಂದೆ. "ನಂಗ ಹೆಂಗ ಗೊತ್ತಿರ್ತೈತಿ?"

"ಹೌದಲ್ಲ" ಎಂದಳು. "ಪಾಪ, ನಿಂಗ ಹೆಂಗ ಗೊತ್ತಿರ್ತೈತಿ." ಮತ್ತೆ ಕಣ್ಣು ಮುಚ್ಚಿದಳು. ಕಣ್ಣು ತೆರೆಯದೆಯೇ ಕೇಳಿದಳು: "ಡಾಕ್ಟ್ರ, ಈಗರೆ ಒಂದು ಹೋಳು ಉಳ್ಳಾಗಡ್ಡಿ ತಿನ್ಲೇನ್ರಿ?"

ಹುಬ್ಬಳ್ಳಿಯಿಂದ ಬಂದು ಆರು ತಿಂಗಳಾಗಿತ್ತು. ಪಥ್ಯ ಮುಗಿಯಿತು ಎಂದು ಹೇಳಬೇಕಾದವನು ನಾನು, ಹೇಳುವುದನ್ನೇ ಮರೆತಿದ್ದೆ. ಆ ಎಂಟು ತಿಂಗಳ ಮೇಲೆ ಈ ಆರು ತಿಂಗಳೂ ಅವಳು ಮುಟ್ಟಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಗಡ್ಡೆ ಗುದ್ದಿ ಒಡೆದು ತಂದೆ. ನಾಲಿಗೆಗೆ ಮುಟ್ಟಿಸಿಕೊಂಡು, ಅಗಿಯಲಾಗದೆ, ಚೀಪಿ ನನ್ನ ಅಂಗೈಗೆ ಉಗುಳಿದಳು. "ಭಾಳ ಛಲೋ ಐತಿ" ಎಂದಳು. ನಾಲ್ಕನೆಯ ದಿನ ಹೋದಳು.

ಅಳಿಯನಿಗೆ ಆ ಕೆಂಪು ಶಾಯಿಯ ಪುಟದ ವಿಷಯ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ. ಅವನು ನನ್ನ ಮನೆಗೆ ಬರುವುದನ್ನು ಬಿಟ್ಟರೆ ಅದು ಸರಿಯೇ. ಅವನು ಬದುಕಿದ್ದಾನೆ, ಅವನ ಕಾಲು ಹಿಡಿಯಲು ನನಗೆ ಇನ್ನೂ ದಾರಿ ಇದೆ. ಡಾಕ್ಟರರ ಹೆಂಡತಿಗೆ ಪತ್ರ ಬರೆದು ಅವರ ಗಂಡನ ಸಹಿ ಮಾಡಿದ್ದನ್ನು ಒಪ್ಪಿಕೊಂಡಿದ್ದೇನೆ. ಅಧಿಕಾರಿಗಳ ಮುಂದೆ ತಪ್ಪಾಯಿತು ಎಂದು ಬರೆದುಕೊಟ್ಟಿದ್ದೇನೆ. ಬೆಂಚಿನ ಮೇಲೆ ಕಾಯುತ್ತಿದ್ದ ಹಳ್ಳಿಯವನಿಗೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೈ ಮುಗಿದೆ. ಎಲ್ಲರ ಮುಂದೆಯೂ ಬಾಯಿ ಬಂತು. ಒಬ್ಬಳ ಮುಂದೆ, ಅವಳೇ ಕೇಳಿದಾಗಲೂ, ಬರಲಿಲ್ಲ. ನನ್ನ ಮಾತು ನಂಬಿ ತಟ್ಟೆಯಿಂದ ಉಳ್ಳಾಗಡ್ಡಿ ತೆಗೆದಿಟ್ಟವಳು, ನಾನು ಬರೆದ ಕಾಗದಕ್ಕಾಗಿ ತಾನು ಹೆಬ್ಬೆಟ್ಟು ಒತ್ತಿದವಳು, ಒಂದೇ ತಾಯಿಯ ಮಡಿಲಲ್ಲಿ ನನಗಿಂತ ಮುಂಚೆ ಆಡಿದವಳು, ನನ್ನ ಅಕ್ಕ.